ಆದೇಶ ಬಾಯಲ್ಲಿತ್ತು, ಸುಳ್ಳು ನನ್ನ ಅಕ್ಷರದಲ್ಲಿತ್ತು

ಮಾನ್ಯ ಸಂಪಾದಕರೇ,

ಕಳೆದ ಜೂನ್ 25ರಂದು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ನಡೆದ ಭಾಷಣ ಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಕೇಂದ್ರ ಸರ್ಕಾರ 2024ರ ಜುಲೈನಲ್ಲಿ 1975ರಲ್ಲಿ ತುರ್ತು ಪರಿಸ್ಥಿತಿ ಹೇರಿದ ಆ ದಿನವನ್ನು ‘ಸಂವಿಧಾನ ಹತ್ಯಾ ದಿವಸ’ ಎಂದು ಸಾರಿದ ಮೇಲೆ ಇಂಥ ಸ್ಪರ್ಧೆಗಳು ಹೆಚ್ಚಾಗಿವೆ. ಹನ್ನೊಂದು ಮಕ್ಕಳು ಮಾತನಾಡಿದರು. ಚೆನ್ನಾಗಿಯೇ ಮಾತನಾಡಿದರು. ಯಾರು ಕೆಟ್ಟವರು, ಯಾರು ವೀರರು ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು. ನಾನು ಅಂಕ ಕೂಡಿಸುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು, “ಮಿಸ್, ಆ ಕಾನೂನು ಈಗಲೂ ಇದೆಯೇ?” ಎಂದು ಕೇಳಿದಳು. ಇದೆ ಎಂದೆ. ಅಷ್ಟರಲ್ಲಿ ಬಹುಮಾನ ವಿತರಣೆಗೆ ಕರೆದರು. ಅವಳಿಗೆ ನಾನು ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧವನ್ನು ನಿಮ್ಮ ಪತ್ರಿಕೆಯ ಮೂಲಕ ಕೊಡುತ್ತಿದ್ದೇನೆ. ಅದನ್ನು ಹೇಳಬೇಕಾದರೆ ಐವತ್ತು ವರ್ಷ ಯಾರಿಗೂ ಹೇಳದ ಒಂದು ಸಂಗತಿಯನ್ನೂ ಹೇಳಬೇಕು.

ನನಗೀಗ 73 ವರ್ಷ. ಶಿಕ್ಷಕರ ತರಬೇತಿ (ಟಿಸಿಎಚ್) ಮುಗಿಸಿ 1974ರಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಸೇರಿದೆ. ನಾಲೆಯ ನೀರಿದ್ದ ಊರು. ಸುತ್ತ ಕಬ್ಬು, ಶಾಲೆಯ ಹಿಂದೆಯೇ ಒಂದು ಆಲೆಮನೆ. ಮಧ್ಯಾಹ್ನದ ಪಾಠದ ಹೊತ್ತಿಗೆ ಕುದಿಯುವ ಕಬ್ಬಿನ ಹಾಲಿನ ವಾಸನೆ ತರಗತಿಯೊಳಗೆ ಬರುತ್ತಿತ್ತು, ಮಕ್ಕಳ ಮನಸ್ಸು ಅತ್ತ ಓಡುತ್ತಿತ್ತು. ನನ್ನ ಸಂಬಳದ ಮೇಲೆ ವಿಧವೆ ತಾಯಿ, ಓದುತ್ತಿದ್ದ ಇಬ್ಬರು ತಮ್ಮಂದಿರು ಇದ್ದರು.

1976ರ ಸೆಪ್ಟೆಂಬರ್ ತಿಂಗಳ ಸಂಬಳದ ಬಟವಾಡೆಯ ದಿನ ನನ್ನ ಸಹಿ ಹಾಕಿಸಿಕೊಳ್ಳಲಿಲ್ಲ. “ಎರಡು ಕೇಸು ಕೊಡಿ, ಸಂಬಳ ತೆಗೆದುಕೊಂಡು ಹೋಗಿ” ಎಂದರು. ಕೇಸು ಎಂದರೆ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಬ್ಬ ಗಂಡಸನ್ನು ಒಪ್ಪಿಸಿ ಶಿಬಿರಕ್ಕೆ ಕರೆತರುವುದು. ಆಗ ಉಪಾಧ್ಯಾಯರಿಗೆ, ಗ್ರಾಮಸೇವಕರಿಗೆ, ಕಂದಾಯದವರಿಗೆ ಎಲ್ಲರಿಗೂ ಗುರಿ ಇತ್ತು. ನನಗೆ ಯಾರೂ ಆದೇಶದ ಪ್ರತಿ ಕೊಡಲಿಲ್ಲ. ಸಂಬಳ ತಡೆಹಿಡಿದ ಬಗ್ಗೆ ಒಂದು ಸಾಲಿನ ಜ್ಞಾಪನವೂ ಬರಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ಮುಂದಿನ ತಿಂಗಳೂ ಹಾಗೆಯೇ ಆಯಿತು. ದೀಪಾವಳಿ ಸಾಲದಲ್ಲಿ ಕಳೆಯಿತು.

ಮೊದಲನೆಯ ಕೇಸು ಕಷ್ಟವಾಗಲಿಲ್ಲ. ಐದು ಮಕ್ಕಳ ತಂದೆಯೊಬ್ಬರು ತಾವಾಗಿಯೇ ಮುಂದೆ ಬಂದರು. ಎರಡನೆಯವರು ಆ ಆಲೆಮನೆಯಲ್ಲಿ ಕೂಲಿ ಮಾಡುತ್ತಿದ್ದ ಇಪ್ಪತ್ತೇಳರ ಯುವಕ. ಅವರ ಮಗಳು ನನ್ನ ಒಂದನೆಯ ತರಗತಿಯಲ್ಲಿದ್ದಳು. ಒಬ್ಬಳೇ ಮಗಳು. ನಾನು ಅವರ ಗುಡಿಸಲಿಗೆ ಎರಡು ಸಂಜೆ ಹೋದೆ. ಎರಡನೆಯ ಸಂಜೆ ಅವರು ಬಹಳ ಹೊತ್ತು ಸುಮ್ಮನಿದ್ದು, “ನಾನು ಮಾಡಿಸಿಕೊಂಡರೆ ನಿಮ್ಮ ಸಂಬಳ ಬಿಡುಗಡೆಯಾಗುತ್ತದೆಯೇ ಟೀಚರಮ್ಮ?” ಎಂದು ಕೇಳಿದರು. ಹೌದು ಎಂದೆ.

ಶಿಬಿರ ನಡೆದದ್ದು ಪಕ್ಕದ ಊರಿನ ಶಾಲೆಯೊಂದರಲ್ಲಿ. ಬೆಂಚುಗಳನ್ನು ಜೋಡಿಸಿ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಬಾಗಿಲಲ್ಲಿ ನನ್ನ ಕೈಗೊಂದು ಚೀಟಿ ಕೊಟ್ಟರು. ಅಂಗೈ ಅಗಲದ ಸೈಕ್ಲೋಸ್ಟೈಲ್ ಕಾಗದ, ಅಂಚಿನಲ್ಲಿ ಮಸಿ ಹರಡಿತ್ತು. ಹೆಸರು, ತಂದೆಯ ಹೆಸರು, ವಯಸ್ಸು, ಊರು, ಬದುಕಿರುವ ಮಕ್ಕಳ ಸಂಖ್ಯೆ. ಕೊನೆಯಲ್ಲಿ ‘ಪ್ರೇರಕರ ಸಹಿ’. ಕನಿಷ್ಠ ಇಬ್ಬರು ಮಕ್ಕಳಿರಬೇಕು ಎಂದು ನಮಗೆ ಹೇಳಿದ್ದರು. ಮಕ್ಕಳ ಸಂಖ್ಯೆಯ ಮುಂದೆ ಪೆನ್ನು ನಿಂತಿತು. ಪಕ್ಕದಲ್ಲಿದ್ದವರು “ಬೇಗ ಬರೆಯಿರಿ, ಜೀಪು ಕಾಯುತ್ತಿದೆ” ಎಂದರು. ನಾನು 2 ಎಂದು ಬರೆದೆ. ಅವರಿಗೆ ಓದಲು ಬಾರದು. ಹೆಬ್ಬೆಟ್ಟು ಒತ್ತಿದರು. ಸಿಡಿದ ಬೆಲ್ಲದ ಪಾಕದಿಂದ ಸುಟ್ಟು ಸುಟ್ಟು ಆ ಹೆಬ್ಬೆಟ್ಟಿನ ಗೆರೆಗಳು ಮಾಸಿದ್ದವು. ಗುರುತು ಮೂಡಲಿಲ್ಲವೆಂದು ಇನ್ನೊಮ್ಮೆ ಒತ್ತಿಸಿದರು. ಕೆಳಗೆ ನಾನು ಸಹಿ ಹಾಕಿದೆ, ಮಕ್ಕಳ ಕಾಪಿ ಪುಸ್ತಕ ತಿದ್ದುವ ಅದೇ ದುಂಡು ಅಕ್ಷರದಲ್ಲಿ.

ಸಂಬಳ ಬಂತು. ಅವರ ಗಾಯ ಕೀವು ಕಟ್ಟಿತು. ಆ ವರ್ಷದ ಹಂಗಾಮು ಮುಗಿಯುವವರೆಗೂ ಒಲೆಯ ಮೇಲಿನ ಕೊಪ್ಪರಿಗೆಯನ್ನು ಎಳೆದು ಇಳಿಸಲು ಅವರಿಂದ ಆಗಲಿಲ್ಲ. ಹೆಂಡತಿ ಒಬ್ಬರೇ ಕಬ್ಬು ಸವರಲು ಹೋದರು. ಇಬ್ಬರೂ ನನಗೆ ಒಂದು ಮಾತು ಅನ್ನಲಿಲ್ಲ. ಸಂಕ್ರಾಂತಿಗೆ ಮಗಳ ಕೈಯಲ್ಲಿ ಒಂದು ಅಚ್ಚು ಬೆಲ್ಲ ಕಳಿಸಿದರು. ಅದನ್ನು ನಾನು ತಿನ್ನಲೂ ಇಲ್ಲ, ವಾಪಸು ಕಳಿಸುವ ಧೈರ್ಯವನ್ನೂ ಮಾಡಲಿಲ್ಲ.

1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 81 ಲಕ್ಷಕ್ಕೂ ಹೆಚ್ಚು ಇಂಥ ಶಸ್ತ್ರಚಿಕಿತ್ಸೆಗಳು ನಡೆದವು. ಸರ್ಕಾರ ಇಟ್ಟುಕೊಂಡಿದ್ದ ಗುರಿ ಸುಮಾರು 43 ಲಕ್ಷ. ಉತ್ತರದಲ್ಲಿ ನಡೆದಂಥ ಬಲಾತ್ಕಾರ ನಮ್ಮ ಕಡೆ ನಡೆಯಲಿಲ್ಲ ಎಂದು ಹೇಳುವವರಿದ್ದಾರೆ. ನಿಜವೇ. ನಮ್ಮೂರಿನಿಂದ ಪೊಲೀಸರು ಯಾರನ್ನೂ ಎಳೆದುಕೊಂಡು ಹೋಗಲಿಲ್ಲ. ಅದರ ಅಗತ್ಯ ಬೀಳಲಿಲ್ಲ, ನಾನಿದ್ದೆ.

ಮುಂದೆ ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡಲು ಶುರು ಮಾಡಿದ ಮೇಲೆ ಆ ಕಾಲದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದಂತೆ, ನನ್ನ ಶಾಲೆಯ ಬಾಗಿಲಲ್ಲಿ ನಡೆದದ್ದೇ ದೆಹಲಿಯಲ್ಲೂ ನಡೆದಿತ್ತು ಎಂದು ತಿಳಿಯಿತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿತು. ಜೂನ್ 24ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಮರುದಿನ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಚಿವ ಸಂಪುಟ ಸೇರಿದ್ದು ಜೂನ್ 26ರ ಬೆಳಗ್ಗೆ ಆರು ಗಂಟೆಗೆ. ಅಷ್ಟು ಹೊತ್ತಿಗೆ ಜಯಪ್ರಕಾಶ ನಾರಾಯಣರೂ ಮೊರಾರ್ಜಿ ದೇಸಾಯಿಯವರೂ ಬಂಧನದಲ್ಲಿದ್ದರು. ದೆಹಲಿಯ ಪತ್ರಿಕೆಗಳ ಮುದ್ರಣಾಲಯಗಳಿಗೆ ಆ ರಾತ್ರಿ ವಿದ್ಯುತ್ ಕಡಿತವಾಯಿತು. ಹಾಗೆ ಮಾಡಲು ಹೇಳಿದ್ದು ಬಾಯಿಮಾತಿನಲ್ಲಿ ಎಂಬುದು ಆಮೇಲೆ ಆ ಕಾಲದ ಅತಿರೇಕಗಳ ವಿಚಾರಣೆ ನಡೆಸಿದ ಶಾ ಆಯೋಗದ ಮುಂದೆ ಬಂತು. ಆ ಆಯೋಗದ ವರದಿಯನ್ನು ಓದಿದವರಿಗೆ ಗೊತ್ತಿರುತ್ತದೆ, ಅಧಿಕಾರಿಯ ನಂತರ ಅಧಿಕಾರಿ ಬಂದು ‘ನನಗೆ ಮೌಖಿಕವಾಗಿ ಹೇಳಿದರು’ ಎನ್ನುತ್ತಾರೆ.

ನನ್ನ ಕೊರಗು ಇಲ್ಲಿದೆ. ಮೇಲಿನಿಂದ ಹಳ್ಳಿಯವರೆಗೆ ಆದೇಶ ಬಾಯಿಯಿಂದ ಬಾಯಿಗೆ ಇಳಿದು ಬಂತು, ಎಲ್ಲಿಯೂ ಗುರುತು ಉಳಿಯಲಿಲ್ಲ. ಕಟ್ಟಕಡೆಗೆ ಕಾಗದದ ಮೇಲೆ ಉಳಿದದ್ದು ನನ್ನ ಸಹಿ ಮತ್ತು ಆ ಬಡವರ ಹೆಬ್ಬೆಟ್ಟು. ಆದೇಶ ಬಾಯಲ್ಲಿತ್ತು, ಸುಳ್ಳು ನನ್ನ ಅಕ್ಷರದಲ್ಲಿತ್ತು. ಮುಂದೆ ಯಾರಾದರೂ ವಿಚಾರಣೆ ಮಾಡಿದ್ದರೆ, ಎರಡು ಮಕ್ಕಳೆಂದು ಬರೆದು ಮೋಸ ಮಾಡಿದವಳು ನಾನೊಬ್ಬಳೇ ಆಗುತ್ತಿದ್ದೆ. ನನ್ನ ತಪ್ಪನ್ನು ಹಗುರ ಮಾಡಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಅಂಥ ಅಧಿಕಾರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆ ಹುಡುಗಿಗೆ ಹೇಳಬೇಕಾಗಿದೆ.

ಆ ಆಲೆಮನೆಯ ಕೂಲಿಕಾರರು ಕೋರ್ಟಿಗೆ ಹೋಗಬಹುದಿತ್ತೇ? ಹೋಗುವ ಶಕ್ತಿ ಅವರಿಗೆ ಹೇಗೂ ಇರಲಿಲ್ಲ. ಶಕ್ತಿ ಇದ್ದವರಿಗೂ ಬಾಗಿಲು ಮುಚ್ಚಿತ್ತು. 1975ರ ಆ ಜೂನ್ ತಿಂಗಳಲ್ಲಿ ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಅಲ್ಲಿಯೇ ಬಂಧಿಸಿದರು. ಅವರನ್ನಿಟ್ಟಿದ್ದ ಸೆಂಟ್ರಲ್ ಜೈಲು ಇಂದು ಫ್ರೀಡಂ ಪಾರ್ಕ್ ಆಗಿದೆ, ಮಂಡ್ಯದ ರೈತರು ಎಷ್ಟೋ ಸಲ ಅಲ್ಲಿಗೆ ಹೋಗಿ ಧರಣಿ ಕುಳಿತಿದ್ದಾರೆ. ನಟಿ ಸ್ನೇಹಲತಾ ರೆಡ್ಡಿಯವರನ್ನೂ ಅದೇ ಜೈಲಿನಲ್ಲಿಟ್ಟಿದ್ದರು. ಅಸ್ತಮಾದಿಂದ ನರಳಿ, ಹೊರಗೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ತೀರಿಕೊಂಡರು. ಬಂಧಿತರ ಅರ್ಜಿಗಳನ್ನು ಕೇಳಬಹುದು ಎಂದು ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಹೈಕೋರ್ಟ್‌ಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್, ನಾಲ್ವರು ಒಂದು ಕಡೆ ಒಬ್ಬರು ಒಂದು ಕಡೆ, ಕೇಳುವಂತಿಲ್ಲ ಎಂದುಬಿಟ್ಟಿತು. ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು, ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ ಎಂದು ಸರ್ಕಾರದ ಪರ ವಾದಿಸುತ್ತಿದ್ದ ಅಟಾರ್ನಿ ಜನರಲ್ ಅವರನ್ನು ಕೇಳಿದ್ದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂದಿತ್ತು. ಒಪ್ಪದೆ ಬೇರೆ ತೀರ್ಪು ಬರೆದವರು ಖನ್ನಾ ಒಬ್ಬರೇ. ಮುಂದೆ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರ ಕೈತಪ್ಪಿತು, ಅವರು ರಾಜೀನಾಮೆ ಕೊಟ್ಟರು. ಆದರೆ ಅವರು ಬರೆದದ್ದು ಉಳಿಯಿತು. 2017ರ ಆಗಸ್ಟ್ 24ರಂದು, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ 1976ರ ತೀರ್ಪನ್ನು ತಪ್ಪೆಂದು ತಳ್ಳಿಹಾಕಿತು. ಆ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡ್ ಅವರ ಮಗನೇ ಹಾಗೆ ಬರೆದರು. ನಲವತ್ತೊಂದು ವರ್ಷ ಬೇಕಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ಜಿಲ್ಲೆಯ ಹಿರಿಯರು ಕೇಳುವ ಒಂದು ಪ್ರಶ್ನೆಗೆ ನಾನು ಉತ್ತರ ಕೊಡಲೇಬೇಕು. “ಆ ಕಾಲದಲ್ಲೇ ಅಲ್ಲವೇ ಗೇಣಿದಾರರಿಗೆ ಜಮೀನು ಬಂದದ್ದು? ದೇವರಾಜ ಅರಸರ ಕಾಲವನ್ನು ಕೆಟ್ಟದ್ದೆನ್ನಬೇಡಿ” ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಕಿತ್ತೊಗೆದಾಗ ಕರ್ನಾಟಕ ಅದಕ್ಕೆ 28ರಲ್ಲಿ 26 ಸ್ಥಾನ ಕೊಟ್ಟದ್ದು ಸುಮ್ಮನೆ ಅಲ್ಲ. ನನ್ನ ಶಾಲೆಯ ಎಷ್ಟೋ ಮಕ್ಕಳ ಮನೆಗೆ ಮೊದಲ ಬಾರಿಗೆ ಸ್ವಂತ ಭತ್ತ ಬಂದದ್ದನ್ನು ನಾನೇ ನೋಡಿದ್ದೇನೆ. ಆದರೆ ಆ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಆಂತರಿಕ ತುರ್ತು ಪರಿಸ್ಥಿತಿ ಬರುವ ಒಂದು ವರ್ಷ ಮೊದಲೇ, ವಿಧಾನಸಭೆಯಲ್ಲಿ ವಿರೋಧಿಗಳೂ ಬಾಯಿ ತೆರೆದು ಮಾತನಾಡಬಹುದಾದ ದಿನಗಳಲ್ಲಿ ಆ ಕಾನೂನು ಆಯಿತು. ಗೇಣಿದಾರ ಫಾರಂ ನಂಬರ್ 7 ತುಂಬಿ ಅರ್ಜಿ ಕೊಡಬೇಕಿತ್ತು. ಭೂ ನ್ಯಾಯಮಂಡಳಿ ಭೂಮಾಲೀಕನನ್ನೂ ಕರೆದು ಕೇಳಿ ಬರಹದಲ್ಲಿ ಆದೇಶ ಮಾಡಬೇಕಿತ್ತು. ಆ ಕಾಗದವನ್ನು ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟುಕೊಂಡ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಬಡವರಿಗೆ ಭೂಮಿ ಕೊಡಲು ಯಾರ ಬಾಯಿಯನ್ನೂ ಮುಚ್ಚಿಸಬೇಕಾಗಿರಲಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಹೌದಮ್ಮ, ಕಾನೂನು ಈಗಲೂ ಇದೆ. ಸಂವಿಧಾನದ 352ನೇ ವಿಧಿ. ನೀನು ಕೇಳಿದ ಭಾಷಣಗಳಲ್ಲಿ ಒಂದೇ ಒಂದು ತುರ್ತು ಪರಿಸ್ಥಿತಿಯ ಮಾತು ಬಂತು, ಆದರೆ ಇಂಥ ಘೋಷಣೆ ಮೂರು ಸಲ ಆಗಿದೆ. ಚೀನಾ ಯುದ್ಧದ ಸಮಯದಲ್ಲಿ 1962ರ ಅಕ್ಟೋಬರ್ 26ರಂದು ಹೇರಿದ್ದು 1968ರ ಜನವರಿ 10ರವರೆಗೆ ಇತ್ತು. ಚೀನಾದೊಂದಿಗಿನ ಯುದ್ಧ ಒಂದು ತಿಂಗಳಲ್ಲಿ ಮುಗಿದಿತ್ತು. ನಾನು ಮಗ್ಗಿ ಕಲಿಯುತ್ತಿದ್ದವಳು ಹೈಸ್ಕೂಲು ಮೆಟ್ಟಿಲು ಹತ್ತುವವರೆಗೆ ತುರ್ತು ಪರಿಸ್ಥಿತಿಯಲ್ಲೇ ಬೆಳೆದೆ, ಅದು ನನಗೆ ಗೊತ್ತೇ ಇರಲಿಲ್ಲ. ಪಾಕಿಸ್ತಾನ ಯುದ್ಧಕ್ಕೆಂದು 1971ರ ಡಿಸೆಂಬರ್ 3ರಂದು ಹೇರಿದ್ದು 1975ರಲ್ಲಿ ಇನ್ನೂ ಜಾರಿಯಲ್ಲಿತ್ತು, ಅದರ ಮೇಲೆ ಇನ್ನೊಂದು ಬಂತು. 1977ರ ಮಾರ್ಚ್‌ನಲ್ಲಿ ಎರಡೂ ಹೋದವು. ಸಂವಿಧಾನ ಜಾರಿಗೆ ಬಂದ ಮೊದಲ 27 ವರ್ಷಗಳಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾವು ಹೀಗೆ ಬದುಕಿದೆವು. ಒಮ್ಮೆ ಸಂಸತ್ತು ಒಪ್ಪಿದರೆ ಮತ್ತೆ ಕೇಳುವ ಕಟ್ಟುಪಾಡು ಆಗ ಇರಲಿಲ್ಲ.

ಇದನ್ನು ತಿದ್ದಿದ್ದು 1978ರ 44ನೇ ತಿದ್ದುಪಡಿ. ‘ಆಂತರಿಕ ಕ್ಷೋಭೆ’ ಎಂಬ ಮಾತನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಹಾಕಿದರು. ಮೆರವಣಿಗೆ, ಮುಷ್ಕರ, ಘೋಷಣೆಗಳು ಎಷ್ಟೇ ಜೋರಾಗಿದ್ದರೂ ಈಗ ಕಾರಣವಾಗಲಾರವು. ಒಂದು ತಿಂಗಳೊಳಗೆ ಎರಡೂ ಸದನಗಳು ವಿಶೇಷ ಬಹುಮತದಿಂದ ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ಬರೆದುಕೊಟ್ಟರೆ ಹದಿನಾಲ್ಕು ದಿನಗಳೊಳಗೆ ಸದನ ಸೇರಿ, ಇದು ಬೇಕೇ ಬೇಡವೇ ಎಂದು ತೀರ್ಮಾನಿಸಬೇಕು. ಜೀವ ಮತ್ತು ದೈಹಿಕ ಸ್ವಾತಂತ್ರ್ಯದ 21ನೇ ವಿಧಿಯ ರಕ್ಷಣೆಯನ್ನು, ಅದರ ಜೊತೆಗೆ 20ನೇ ವಿಧಿಯನ್ನು, ಎಂಥ ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ. ಇವೆಲ್ಲ ದೊಡ್ಡವು. ಆದರೆ ನನ್ನ ಕಣ್ಣು ಪ್ರತಿ ಸಲವೂ ಹೋಗಿ ನಿಲ್ಲುವುದು ಒಂದು ಸಣ್ಣ ಮಾತಿನ ಮೇಲೆ. ಸಚಿವ ಸಂಪುಟದ ತೀರ್ಮಾನವನ್ನು ರಾಷ್ಟ್ರಪತಿಗೆ ‘ಲಿಖಿತವಾಗಿ’ ತಿಳಿಸಿದ ಹೊರತು ಅವರು ಘೋಷಣೆ ಹೊರಡಿಸುವಂತಿಲ್ಲ. ಆ ಲಿಖಿತವಾಗಿ ಎಂಬ ಮಾತನ್ನು ಮೊದಲ ಸಲ ಓದಿದಾಗ ಸ್ಟಾಫ್ ರೂಮಿನಲ್ಲಿ ನಾನು ಒಬ್ಬಳೇ ಇದ್ದೆ. ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾ ಕುಳಿತಿದ್ದೆ. ಬೇಗ ಬರೆಯಿರಿ, ಜೀಪು ಕಾಯುತ್ತಿದೆ ಎಂದವರಿಗೆ ನಾನು ಆಡಬೇಕಿದ್ದ ಮಾತು ಅದೇ ಆಗಿತ್ತು.

ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ತರುವ 356ನೇ ವಿಧಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಬಳಕೆಗೇ ಬಾರದಿರಲಿ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. ಆದರೆ ಅದು ಬಂತು, ಮತ್ತೆ ಮತ್ತೆ ಬಂತು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಿದ್ದು ನಮ್ಮ ತಲೆಮಾರಿಗೆ ನೆನಪಿದೆ. ಹತ್ತೊಂಬತ್ತು ಶಾಸಕರು ಬೆಂಬಲ ವಾಪಸು ಪಡೆದರೆಂಬ ಪತ್ರಗಳ ಮೇಲೆ ರಾಜ್ಯಪಾಲರು ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ ಆಮೇಲೆ ಮಾತು ಬದಲಿಸಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು, ಬಹುಮತ ಅಳೆಯಬೇಕಾದದ್ದು ಸದನದಲ್ಲಿಯೇ, ರಾಜಭವನದಲ್ಲಲ್ಲ ಎಂದರು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಬರಲಿಲ್ಲ, ಆದರೆ ಅವರ ಹೆಸರಿನ ತೀರ್ಪು ಆಮೇಲಿನ ಎಷ್ಟೋ ಸರ್ಕಾರಗಳನ್ನು ಕಾಯಿತು. ಕನ್ನಡದ ಮಕ್ಕಳಿಗೆ ಈ ತೀರ್ಪು ಗೊತ್ತಿಲ್ಲದಿರುವುದು ನನಗೆ ನೋವು ಕೊಡುತ್ತದೆ.

ಸಂಪಾದಕರೇ, ಒಂದು ವಿಷಯವನ್ನು ಮಾತ್ರ ದಯವಿಟ್ಟು ನಿಮ್ಮ ಪತ್ರಿಕೆ ಎತ್ತಿಕೊಳ್ಳಬೇಕು. 44ನೇ ತಿದ್ದುಪಡಿಯ ಮೂರನೆಯ ಸೆಕ್ಷನ್ ಇಂದಿಗೂ ಜಾರಿಗೆ ಬಂದಿಲ್ಲ. ವಿಚಾರಣೆಯಿಲ್ಲದೆ ಒಬ್ಬರನ್ನು ಮುನ್ನೆಚ್ಚರಿಕೆಯ ಬಂಧನದಲ್ಲಿಟ್ಟರೆ, ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಇಡಬಹುದಾದ ಅವಧಿಯನ್ನು ಅದು ಮೂರು ತಿಂಗಳಿಂದ ಎರಡು ತಿಂಗಳಿಗೆ ಇಳಿಸುತ್ತಿತ್ತು. ಆ ಮಂಡಳಿ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ರಚನೆಯಾಗಬೇಕು, ಅಧ್ಯಕ್ಷರು ಹಾಲಿ ನ್ಯಾಯಮೂರ್ತಿಯೇ ಆಗಿರಬೇಕು ಎನ್ನುತ್ತಿತ್ತು. ಸಂಸತ್ತು ಒಪ್ಪಿದ್ದಾಗಿದೆ. ಕೇಂದ್ರ ಸರ್ಕಾರ ಜಾರಿಯ ದಿನಾಂಕವನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿದರೆ ಸಾಕು. ಜನತಾ ಪಕ್ಷ ಪ್ರಕಟಿಸಲಿಲ್ಲ, ಕಾಂಗ್ರೆಸ್ ಪ್ರಕಟಿಸಲಿಲ್ಲ, ಬಿಜೆಪಿ ಪ್ರಕಟಿಸಿಲ್ಲ. ಜೂನ್ 25ರಂದು ವೇದಿಕೆ ಹತ್ತುವವರೂ ಅದನ್ನು ವಿರೋಧಿಸುವವರೂ ಈ ಒಂದು ವಿಷಯದಲ್ಲಿ ನಲವತ್ತೇಳು ವರ್ಷದಿಂದ ಒಂದಾಗಿ ಮೌನವಾಗಿದ್ದಾರೆ. ಸಂವಿಧಾನದ ಮೇಲಿನ ಕಾಳಜಿಯನ್ನು ತೋರಿಸಲು ಅವರಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ.

ಇನ್ನು ನಮ್ಮೂರಿನ ಮಾತು. ಮಂಡ್ಯದವರಾದ ನಮಗೆ 352 ಗೊತ್ತಿಲ್ಲದಿದ್ದರೂ 144 ಚೆನ್ನಾಗಿ ಗೊತ್ತು. ಕಾವೇರಿ ನೀರಿನ ಗಲಾಟೆ ಬಂದಾಗಲೆಲ್ಲ ನಿಷೇಧಾಜ್ಞೆಯನ್ನು ಕಂಡವರು ನಾವು. 2024ರ ಜುಲೈ 1ರಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163ನೇ ಸೆಕ್ಷನ್ ಆಗಿದೆ, ಜನ ಇನ್ನೂ 144 ಎಂದೇ ಅನ್ನುತ್ತಾರೆ. ಅದು ಸಂವಿಧಾನದ ತುರ್ತು ಪರಿಸ್ಥಿತಿಯಲ್ಲ, ಎರಡನ್ನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಊರು ಹೊತ್ತಿ ಉರಿಯುವಾಗ ಜಿಲ್ಲಾಧಿಕಾರಿಗೆ ಅಂಥ ಅಧಿಕಾರ ಬೇಕು ಎಂದೂ ಒಪ್ಪುತ್ತೇನೆ. ಆದರೆ ಅದು ನಮಗೆ ತಲುಪುವ ಬಗೆ ಹೇಗಿದೆ? ಒಂದು ಸಲ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆಯ ಬಳಿ ಧರಣಿ ಕುಳಿತಿದ್ದ ರೈತ ಮಹಿಳೆಯರಿಗೆ ಮಜ್ಜಿಗೆ ತೆಗೆದುಕೊಂಡು ಹೋಗಿದ್ದೆ. ಧ್ವನಿವರ್ಧಕ ಕಟ್ಟಿದ ವಾಹನವೊಂದು ಬಂದು ಗುಂಪು ಸೇರಬಾರದು ಎಂದು ಕೂಗಿ ಹೋಯಿತು. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ದಿನ, ಯಾಕೆ, ಯಾವುದೂ ಕೇಳಿಸಲಿಲ್ಲ. ನನ್ನ ಪಕ್ಕದಲ್ಲಿದ್ದ ಅಜ್ಜಿ “ಮಜ್ಜಿಗೆ ಕುಡಿಯುವುದೂ ತಪ್ಪೇನಮ್ಮ?” ಎಂದರು. ಲೋಟ ಅವರ ಕೈಯಲ್ಲೇ ಇತ್ತು, ಕುಡಿಯಲೋ ಕೆಳಗಿಡಲೋ ಗೊತ್ತಾಗದೆ ನನ್ನ ಮುಖ ನೋಡುತ್ತಿದ್ದರು.

2020ರ ಜನವರಿ 10ರಂದು ಕಾಶ್ಮೀರದ ಇಂಟರ್ನೆಟ್ ಸ್ಥಗಿತದ ಮೊಕದ್ದಮೆಯಲ್ಲಿ, ಅನುರಾಧಾ ಭಾಸಿನ್ ಅವರ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟ್ ಇದಕ್ಕೂ ದಾರಿ ತೋರಿಸಿದೆ. 144ರ ಆದೇಶಗಳನ್ನೂ ಇಂಟರ್ನೆಟ್ ನಿಲ್ಲಿಸುವ ಆದೇಶಗಳನ್ನೂ ಕಾರಣ ಸಹಿತ ಪ್ರಕಟಿಸಬೇಕು, ಬಾಧಿತರಾದವರು ಅವನ್ನು ಪ್ರಶ್ನಿಸಲು ಆಗುವಂತಿರಬೇಕು ಎಂದಿದೆ. ಹಾಗಾದರೆ ಅದನ್ನು ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಬೋರ್ಡಿಗೆ, ಬಸ್ ನಿಲ್ದಾಣಕ್ಕೆ, ನಿಮ್ಮಂಥ ಪತ್ರಿಕೆಗಳ ಜಿಲ್ಲಾ ಪುಟಕ್ಕೆ ತಲುಪಿಸುವುದನ್ನು ಜಿಲ್ಲಾಡಳಿತಗಳು ರೂಢಿ ಮಾಡಿಕೊಳ್ಳಲಿ. ನಿಮ್ಮ ವರದಿಗಾರರೂ ‘ನಿಷೇಧಾಜ್ಞೆ ಜಾರಿ’ ಎಂದು ಒಂದು ಸಾಲು ಬರೆದು ಬಿಡದೆ ಆದೇಶದ ಪ್ರತಿಯನ್ನು ಕೇಳಿ ಪಡೆದು ಅದರಲ್ಲೇನಿದೆ ಎಂದು ಬರೆಯಲಿ. 1976ರಲ್ಲಿ ಇಂಥ ಪತ್ರವನ್ನು ನೀವು ಅಚ್ಚು ಹಾಕುವಂತಿರಲಿಲ್ಲ, ಸೆನ್ಸಾರ್ ಇತ್ತು. ಈಗ ಅದಿಲ್ಲ.

ನನ್ನಂತೆ ಸರ್ಕಾರಿ ಕೆಲಸದಲ್ಲಿರುವ ಕಿರಿಯರಿಗೂ ಒಂದು ಮಾತು. ಶಿಕ್ಷಕಿಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಗ್ರಾಮ ಲೆಕ್ಕಿಗರಿಗೆ, ಕಾನ್‌ಸ್ಟೇಬಲ್‌ಗಳಿಗೆ. ಈಗ ಆದೇಶಗಳು ವಾಟ್ಸ್ಆ್ಯಪ್ ಧ್ವನಿ ಸಂದೇಶಗಳಲ್ಲಿ ಬರುತ್ತವೆ ಎಂದು ನನ್ನ ಹಳೆಯ ವಿದ್ಯಾರ್ಥಿನಿಯರು ಹೇಳುತ್ತಾರೆ. ಮನಸ್ಸು ಒಪ್ಪದ ಕೆಲಸ ಹೇಳಿದರೆ “ದಯವಿಟ್ಟು ಬರಹದಲ್ಲಿ ಕೊಡಿ ಸಾರ್” ಎಂದು ಕೇಳಿ. ಕೈ ನಡುಗಿದರೂ ಕೇಳಿ. ಕೇಳದೆ ಹೋದವಳಿಗೆ ಏನಾಗುತ್ತದೆ ಎಂಬುದನ್ನು ಮೇಲೆ ಬರೆದಿದ್ದೇನೆ.

ಆ ಆಲೆಮನೆಯ ಕೂಲಿಕಾರರು ಈಗಿಲ್ಲ. ಮಗಳು ಮಂಡ್ಯದಲ್ಲೇ ಇದ್ದಾರೆ, ಅವರಿಗೂ ಮೊಮ್ಮಕ್ಕಳಾಗಿವೆ. ಸ್ಪರ್ಧೆ ಮುಗಿದ ವಾರ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. “ನನಗೇಕೆ ತಮ್ಮ ಇಲ್ಲ ಎಂದು ಕೇಳಿದಾಗಲೆಲ್ಲ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು, ಈಗ ಗೊತ್ತಾಯಿತು” ಎಂದರು. ಆಮೇಲೆ ಕಾಫಿ ಮಾಡಿಕೊಟ್ಟರು. ಈ ಪತ್ರವನ್ನು ಅವರಿಗೆ ಪೂರ್ತಿ ಓದಿ ಹೇಳಿದ್ದೇನೆ. ಪ್ರಕಟವಾಗಲಿ, ಅಪ್ಪನ ಹೆಸರಾಗಲಿ ಊರಾಗಲಿ ಬೇಡ, ಆದರೆ ತಪ್ಪನ್ನು ಮಾತ್ರ ಸರಿಯಾಗಿ ತಿದ್ದಿ ಎಂದರು. ನಿಮ್ಮ ಪತ್ರಿಕೆಯಲ್ಲಿ ತಪ್ಪು ಅಚ್ಚಾದಾಗ ಮರುದಿನ ‘ತಿದ್ದುಪಡಿ’ ಎಂದು ಹಾಕುತ್ತೀರಿ. ಇದನ್ನೂ ಹಾಗೆಯೇ ಹಾಕಿ: 1976ರ ನವೆಂಬರ್‌ನಲ್ಲಿ ನಾನು ತುಂಬಿದ ಆ ಚೀಟಿಯಲ್ಲಿ ಬದುಕಿರುವ ಮಕ್ಕಳ ಸಂಖ್ಯೆ 2 ಎಂದಿರುವುದು ತಪ್ಪು. ಅವರಿಗಿದ್ದದ್ದು ಒಂದೇ ಮಗು.

ಇತಿ,
ನಿವೃತ್ತ ಮುಖ್ಯೋಪಾಧ್ಯಾಯಿನಿ,
ಮಂಡ್ಯ